6 ಲ್ಯಾಪ್‌ಟಾಪ್, 34 ಮಕ್ಕಳು: ಯು.ಪಿ. (ಅಪ್ಪರ್ ಪ್ರೈಮರಿ) ಶಾಲೆಯಲ್ಲಿ ‘ಮಾಡಿ ಕಲಿಯುವುದು’ ಎಲ್ಲಿಂದ ಶುರು ಮಾಡುವುದು?

ಎರಡನೇ ಪೀರಿಯಡ್ (ಪ್ರಶ್ನೆ):

ಕಾಸರಗೋಡು ಕಡೆಯ ಕನ್ನಡ ಮಾಧ್ಯಮ ಯು.ಪಿ. ಶಾಲೆ. ಏಳನೇ ತರಗತಿಯಲ್ಲಿ 34 ಮಕ್ಕಳು. ಕೈಟ್‌ನವರ (ಕೇರಳ ಸರ್ಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ) ಉಬುಂಟು ಇರುವ ಲ್ಯಾಪ್‌ಟಾಪ್ 6 ಉಂಟು, ಆರರಲ್ಲೂ ಸ್ಕ್ರ್ಯಾಚ್ 3 (ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡುವ ತಂತ್ರಾಂಶ) ಉಂಟು. ಬುಧವಾರ ಮಧ್ಯಾಹ್ನ 40 ನಿಮಿಷದ ಎರಡು ಪೀರಿಯಡ್ ಒಟ್ಟಿಗೆ ಸಿಗುತ್ತದೆ. ಮಳೆಗಾಲದಲ್ಲಿ ಇಂಟರ್ನೆಟ್ ನಂಬುವ ಹಾಗಿಲ್ಲ, ಕರೆಂಟೂ ಅಷ್ಟೆ.

ಕೈಟ್‌ನ ವಿದ್ಯಾರ್ಥಿ ಐಟಿ ಕ್ಲಬ್ ‘ಲಿಟ್ಲ್ ಕೈಟ್ಸ್’ ಹೈಸ್ಕೂಲಿಗೆ, ಹಾಗಾಗಿ ನಮಗೆ ಆರ್ಡುಯಿನೋ (ಪ್ರೋಗ್ರಾಂ ಮಾಡಬಹುದಾದ ಎಲೆಕ್ಟ್ರಾನಿಕ್ ಹಲಗೆ) ಕಿಟ್ ಇಲ್ಲ. ಅದರ ಚಿಂತೆಯೂ ಇಲ್ಲ. ಚಿಂತೆ ಬೇರೆಯದ್ದು. ಶಾಲಾ ವಿಜ್ಞಾನ ಮೇಳಕ್ಕೆ ತಯಾರಾಗುವ ಥರ್ಮೋಕೋಲ್ ಮಾಡೆಲ್‌ನಲ್ಲಿ ಮುಕ್ಕಾಲು ಕೆಲಸ ದೊಡ್ಡವರದ್ದು. ಸ್ಕ್ರ್ಯಾಚ್‌ನಲ್ಲಿಯೂ ಅದೇ ಕತೆ: ಬೋರ್ಡಿನಲ್ಲಿ ಬರೆದದ್ದನ್ನು ಎಲ್ಲರೂ ಕಾಪಿ ಮಾಡಿ, ಎಲ್ಲರ ಪರದೆಯ ಬೆಕ್ಕೂ ಒಂದೇ ರೀತಿ ನಡೆಯುತ್ತದೆ. ‘ಮಾಡಿ ಕಲಿಯುವುದು’ ಎಂದ ಗಣಿತಜ್ಞ ಸೀಮೋರ್ ಪೇಪರ್ಟ್ ಹೇಳಿದ್ದು ಇದಲ್ಲ ಎಂಬಷ್ಟು ಗೊತ್ತು. ಹಾಗಾದರೆ ಮೊದಲ ನಾಲ್ಕು ವಾರ ಎಂತ ಮಾಡಿಸಬೇಕು? ಊರಲ್ಲೇ ಸಿಗುವ ಸಾಮಾನಿನಲ್ಲಿ ಏನೆಲ್ಲ ಆಗುತ್ತದೆ? ‘ಇದರಿಂದ ಗಣಿತದಲ್ಲಿ ಏನು ಬಂತು’ ಎಂದು ಎಚ್.ಎಂ. (ಮುಖ್ಯೋಪಾಧ್ಯಾಯರು) ಕೇಳಿದರೆ ಎಂತ ತೋರಿಸುವುದು?

ತತ್ವ ಕಡಿಮೆ, ಅಳತೆ ಜಾಸ್ತಿ ಇರಲಿ.


ಆಮೆನಡೆ:

ಮೊದಲ ಎರಡು ವಾರ ಲ್ಯಾಪ್‌ಟಾಪ್ ತೆಗೆಯಲೇ ಬೇಡಿ. ಅಂಗಳ ಸಾಕು, ಮಳೆ ಇದ್ದರೆ ವರಾಂಡ.

ಬೇಕಾದ್ದು: ಸೀಮೆಸುಣ್ಣ, ರಟ್ಟಿನಲ್ಲಿ ಕತ್ತರಿಸಿದ 30 ಸೆಂ.ಮೀ. ವ್ಯಾಸದ ವೃತ್ತ ಗುಂಪಿಗೆ ಒಂದು (ಅಂಚಿನಲ್ಲಿ 15 ಡಿಗ್ರಿಗೊಂದು ಗೆರೆ), ಒಂದು ನೋಟ್‌ಬುಕ್. ಗುಂಪಿನಲ್ಲಿ ನಾಲ್ವರು. ಒಬ್ಬ ಆಮೆ, ಒಬ್ಬ ಆಜ್ಞೆ ಕೊಡುವವ, ಒಬ್ಬ ಆಮೆಯ ಹಿಂದೆ ಗೆರೆ ಎಳೆಯುವವ, ಒಬ್ಬ ಆಜ್ಞೆಗಳನ್ನು ಬರೆದಿಡುವವ. ಆಜ್ಞೆ ಮೂರೇ: ‘ಮುಂದೆ ಇಷ್ಟು ಪಾದ’, ‘ಬಲಕ್ಕೆ ಇಷ್ಟು ಡಿಗ್ರಿ’, ‘ಎಡಕ್ಕೆ ಇಷ್ಟು ಡಿಗ್ರಿ’. ಆಮೆಗೆ ಸ್ವಂತ ಬುದ್ಧಿ ಇಲ್ಲ, ಹೇಳಿದ್ದನ್ನು ಮಾತ್ರ ಮಾಡಬೇಕು. ‘ಸ್ವಲ್ಪ ತಿರುಗು’ ಎಂದರೆ ನಿಂತಲ್ಲೇ ನಿಲ್ಲಬೇಕು. ಈ ಒಂದು ನಿಯಮವನ್ನು ಗಟ್ಟಿ ಹಿಡಿಯಿರಿ, ಇಲ್ಲವಾದರೆ ಆಮೆಯೇ ಎಲ್ಲವನ್ನೂ ಸರಿಮಾಡಿಕೊಂಡು ಹೋಗುತ್ತದೆ, ಆಜ್ಞೆ ಕೊಟ್ಟವನಿಗೆ ತಪ್ಪು ಕಾಣುವುದೇ ಇಲ್ಲ.

ಚೌಕ ಎಲ್ಲರಿಗೂ ಬರುತ್ತದೆ. ಕೆಲಸ ಶುರುವಾಗುವುದು ಸಮಬಾಹು ತ್ರಿಭುಜದಲ್ಲಿ. ಕೋನ 60 ಎಂದು ಪುಸ್ತಕದಲ್ಲಿ ಓದಿದ ಮಕ್ಕಳು ‘ಮುಂದೆ 10, ಬಲಕ್ಕೆ 60’ ಎಂದು ಮೂರು ಸಲ ಹೇಳುತ್ತಾರೆ. ಗೆರೆ ಮುಚ್ಚುವುದಿಲ್ಲ, ಅರ್ಧ ಷಡ್ಭುಜ ಆಗಿ ನಿಲ್ಲುತ್ತದೆ. ಇಲ್ಲಿ ನೀವು ಬಾಯಿ ಮುಚ್ಚಿಕೊಂಡಿರುವುದೇ ಪಾಠ. ಐದು ನಿಮಿಷ ಆದ ಮೇಲೂ ಗಂಟು ಬಿಡಿಸದಿದ್ದರೆ ಒಂದೇ ಪ್ರಶ್ನೆ: ‘ಆಮೆ ಕೈಯನ್ನು ನೇರ ಮುಂದೆ ಚಾಚಲಿ. ಮುಂದಿನ ಗೆರೆಯತ್ತ ಬರಬೇಕಾದರೆ ಆ ಕೈ ಎಷ್ಟು ಸುತ್ತಬೇಕು?’ ತ್ರಿಭುಜದ ಒಳಗಿನ ಕೋನ 60, ಆಮೆ ತಿರುಗಬೇಕಾದ್ದು 120. ಇದನ್ನು ಕಾಲಿನಲ್ಲಿ ಕಂಡುಕೊಂಡ ಮಗು ಹೊರಕೋನವನ್ನು ಮತ್ತೆ ಬಾಯಿಪಾಠ ಮಾಡಬೇಕಾಗಿಲ್ಲ. ಗೆರೆ ಗೆರೆಯನ್ನು ದಾಟದ ಯಾವ ಆಕೃತಿಯಾದರೂ ಹೊರಟ ಜಾಗಕ್ಕೆ ಬಂದು ಹೊರಟ ದಿಕ್ಕಿಗೇ ಮುಖ ಮಾಡಿದಾಗ ಒಟ್ಟು ತಿರುಗಿದ್ದು 360. ಗೆರೆ ದಾಟುವ ಐದು ಮೂಲೆಯ ನಕ್ಷತ್ರವಾದರೆ 144ರ ಹಾಗೆ ಐದು ಸಲ, ಒಟ್ಟು 720. ‘ಯಾಕೆ ಎರಡು ಸುತ್ತು’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಅವರನ್ನೇ ನಡೆಸಿ ನೋಡಿ.

ಪೇಪರ್ಟ್, ವಾಲಿ ಫ್ಯೂರ್‌ಜೈಗ್, ಸಿಂಥಿಯಾ ಸೊಲೊಮನ್ 1967ರಲ್ಲಿ ಮಕ್ಕಳಿಗಾಗಿ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ಮಾಡಿದರು, ಆಮೆ ಅದಕ್ಕೆ ಆಮೇಲೆ ಸೇರಿಕೊಂಡಿತು. ಮೊದಲ ಆಮೆಗಳು ತೆರೆಯ ಮೇಲಿನವಲ್ಲ, ನೆಲದ ಮೇಲೆ ಓಡುವ ಯಂತ್ರಗಳು. ಹಾಗಾಗಿ ಅಂಗಳದ ಆಟ ‘ಕಂಪ್ಯೂಟರ್ ಇಲ್ಲದವರ ಪಾಡು’ ಅಲ್ಲ.

ಮೂರನೇ ವಾರ ಅದೇ ನೋಟ್‌ಬುಕ್ ಹಿಡಿದು ಸ್ಕ್ರ್ಯಾಚ್‌ಗೆ ಹೋಗಿ. ಲೇಖನಿಯ ಬ್ಲಾಕ್‌ಗಳು ಮೊದಲಿಗೆ ಕಾಣುವುದಿಲ್ಲ, ಕೆಳಗೆ ಎಡಮೂಲೆಯ ಎಕ್ಸ್‌ಟೆನ್ಶನ್ ಬಟನ್ ಒತ್ತಿ ‘ಪೆನ್’ ಸೇರಿಸಬೇಕು. ಪ್ರತಿ ಪ್ರೋಗ್ರಾಮಿನ ತಲೆಯಲ್ಲಿ ಈ ಸಾಲು ಇರಲಿ: ಹಸಿರು ಬಾವುಟ ಒತ್ತಿದಾಗ, ಎಲ್ಲ ಅಳಿಸು, ಪೆನ್ ಮೇಲೆ, (0, 0)ಗೆ ಹೋಗು, ದಿಕ್ಕು 90, ಪೆನ್ ಕೆಳಗೆ. ಇದಿಲ್ಲದಿದ್ದರೆ ಎರಡನೇ ಸಲ ಓಡಿಸಿದಾಗ ಬೆಕ್ಕು ಹಿಂದಿನ ಸಲ ನಿಂತಲ್ಲಿಂದ, ನಿಂತ ದಿಕ್ಕಿನಲ್ಲೇ ಹೊರಡುತ್ತದೆ. ‘ನಿನ್ನೆ ಸರಿ ಇತ್ತು ಟೀಚರ್’ ಎನ್ನುವ ದೂರಿನಲ್ಲಿ ಹೆಚ್ಚಿನದ್ದು ಇದೇ. ವೇದಿಕೆ 480 ಅಗಲ, 360 ಎತ್ತರ. ‘1 ಹೆಜ್ಜೆ, 1 ಡಿಗ್ರಿ’ 360 ಸಲ ಮಾಡಿದರೆ ತ್ರಿಜ್ಯ ಸುಮಾರು 57, ವೃತ್ತ ಆರಾಮವಾಗಿ ಹಿಡಿಯುತ್ತದೆ. ಅದನ್ನೇ 10 ಹೆಜ್ಜೆ ಮಾಡಿದರೆ ಬೆಕ್ಕು ಅಂಚಿಗೆ ಸಿಕ್ಕಿಕೊಂಡು ವೃತ್ತ ಚಪ್ಪಟೆಯಾಗುತ್ತದೆ. ಸಪ್ತಭುಜಕ್ಕೆ 51 ಎಂದು ಹಾಕಿದರೆ 7 × 51 = 357, ಮೂರು ಡಿಗ್ರಿ ಕೊರತೆ, ಗೆರೆ ಸರಿಯಾಗಿ ಕೂಡುವುದಿಲ್ಲ. ತಿರುಗುವ ಬ್ಲಾಕಿನೊಳಗೆ ಭಾಗಾಕಾರದ ಬ್ಲಾಕ್ ಕೂರಿಸಿ 360 / 7 ಎಂದೇ ಇಡಲಿ.

ಕಾಪಿ ಹೊಡೆಯುವ ರೋಗಕ್ಕೆ ಮದ್ದು ‘ಮೈ ಬ್ಲಾಕ್ಸ್’. ಚೌಕ ಬರೆದ ಮಗು ಅದಕ್ಕೆ ‘ಚೌಕ’ ಎಂದು ಹೆಸರಿಟ್ಟು ಹೊಸ ಬ್ಲಾಕ್ ಮಾಡಲಿ, ಅದರಿಂದ ‘ಹೂ’, ಹೂವಿನಿಂದ ‘ರಂಗೋಲಿ’. ಹೆಸರು ಕನ್ನಡದಲ್ಲೇ ಟೈಪ್ ಆಗುತ್ತದೆ, ತುಳುವಿನಲ್ಲಿ ಇಟ್ಟರೂ ಬೆಕ್ಕಿಗೆ ತಕರಾರಿಲ್ಲ. ತನ್ನ ಮಾತನ್ನು ಯಂತ್ರಕ್ಕೆ ಕಲಿಸಿದ ಮಗು ಪಕ್ಕದವನದ್ದನ್ನು ಕಾಪಿ ಮಾಡುವುದಿಲ್ಲ, ಬೇಕಾದರೆ ಕೇಳಿ ತೆಗೆದುಕೊಳ್ಳುತ್ತದೆ.


ಹಿಡಿಸೂಡಿ:

ಲ್ಯಾಪ್‌ಟಾಪ್ ತೆಗೆದ ವಾರದಿಂದ 34 ಮಂದಿಯನ್ನು ಎರಡು ಮಾಡಿ. 18 ಮಂದಿ ಲ್ಯಾಪ್‌ಟಾಪಿಗೆ (ಒಂದಕ್ಕೆ ಮೂವರು), 16 ಮಂದಿ ಮೇಜಿಗೆ. ಮೊದಲ ಪೀರಿಯಡ್ ಮುಗಿದಾಗ ಅದಲುಬದಲು ಮಾಡಬೇಡಿ, ಮುಂದಿನ ವಾರ ಮಾಡಿ. 40 ನಿಮಿಷದಲ್ಲಿ ಹುಟ್ಟಿದ ಯೋಚನೆ ಕೈಗೆ ಹತ್ತುವುದು ಎರಡನೇ 40ರಲ್ಲಿ. ಮೌಸ್ ಮಾತ್ರ 10 ನಿಮಿಷಕ್ಕೊಮ್ಮೆ ಕೈ ಬದಲಾಗಲಿ, ಗಂಟೆ ಹೊಡೆದೇ ಬದಲಾಯಿಸಿ. ಇಲ್ಲವಾದರೆ ಮನೆಯಲ್ಲಿ ಕಂಪ್ಯೂಟರ್ ಇರುವ ಮಗು ಅದನ್ನು ಬಿಡುವುದಿಲ್ಲ.

ಮೇಜಿನ ಕೆಲಸಕ್ಕೆ ಅತ್ಯಂತ ಅಗ್ಗದ್ದು ಹಿಡಿಸೂಡಿ ಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬ್. ಬೆಂಕಿಕಡ್ಡಿ ಮತ್ತು ವಾಲ್ವ್ ಟ್ಯೂಬಿನ ಜೋಡಣೆಯನ್ನು ಅರವಿಂದ ಗುಪ್ತ 1970ರ ದಶಕದಲ್ಲಿ ಹೊಶಂಗಾಬಾದ್ ವಿಜ್ಞಾನ ಕಾರ್ಯಕ್ರಮದ ಸಂದರ್ಭದಲ್ಲಿ ಬೆಳೆಸಿದರು. ನಮ್ಮಲ್ಲಿ ತೆಂಗಿನ ಗರಿಯ ಕಡ್ಡಿ ಧಾರಾಳ ಇರುವಾಗ ಬೆಂಕಿಕಡ್ಡಿ ಯಾಕೆ? ಒಂದೇ ಎಚ್ಚರ: ಕಡ್ಡಿಯ ಬುಡ ದಪ್ಪ, ತುದಿ ಸಪೂರ. ಬುಡ ಟ್ಯೂಬಿಗೆ ಹೋಗುವುದಿಲ್ಲ, ತುದಿ ಜಾರಿ ಬೀಳುತ್ತದೆ. ನಡುಭಾಗವನ್ನು ಮಾತ್ರ 8 ಸೆಂ.ಮೀ. ತುಂಡು ಮಾಡಿ. ಟ್ಯೂಬ್ 1.5 ಸೆಂ.ಮೀ. ಮೂರು ಕಡ್ಡಿ ಕೂಡುವಲ್ಲಿ ಒಂದು ಟ್ಯೂಬಿನ ನಡುವೆ ಸೂಜಿಯಿಂದ ತೂತು ಮಾಡಿ ಮೂರನೆಯದನ್ನು ತುರುಕಿ. ಚೌಕ ಮಾಡಿ ಮೂಲೆ ತಳ್ಳಿದರೆ ವಾಲುತ್ತದೆ, ತ್ರಿಭುಜ ವಾಲುವುದಿಲ್ಲ. ಸವಾಲು ಹೀಗಿರಲಿ: 30 ಕಡ್ಡಿ, ಎರಡು ಬೆಂಚಿನ ನಡುವೆ 25 ಸೆಂ.ಮೀ. ಸಂದು, ಅದರ ಮೇಲೆ ಸಂಕ (ಸೇತುವೆ), ಸಂಕದ ಮೇಲೆ ಕಂಪಾಸ್ ಪೆಟ್ಟಿಗೆ. ಮಾದರಿ ತೋರಿಸಬೇಡಿ. ತೋರಿಸಿದರೆ ಎಲ್ಲ ಗುಂಪಿನದ್ದೂ ಅದೇ ಸಂಕ.

ಮುಚ್ಚಳ, ಚಕ್ರ, ಗಾಳಿಯ ರೆಕ್ಕೆಗೆ ಅಡಕೆ ಹಾಳೆ ಒಳ್ಳೆಯದು. ಒಣ ಹಾಳೆಯನ್ನು ಹಾಗೆಯೇ ಕತ್ತರಿಸಿದರೆ ನಾರಿನ ಉದ್ದಕ್ಕೆ ಸೀಳುತ್ತದೆ. ನೀರಿನಲ್ಲಿ ನೆನೆಸಿ ಮೆತ್ತಗಾದ ಮೇಲೆ ಕತ್ತರಿಸಿ, ಪುಸ್ತಕದ ಕಟ್ಟಿನ ಅಡಿಯಲ್ಲಿ ಚಪ್ಪಟೆ ಒಣಗಿಸಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೂಸಲು ಬರುತ್ತದೆ, ದಾಸ್ತಾನು ಮಾಡಬೇಡಿ.

ಮಳೆಗಾಲವನ್ನೂ ಕೆಲಸಕ್ಕೆ ಹಚ್ಚಿ. ನೇರ ಗೋಡೆಯ ಬಾಟಲಿಯ ತಲೆ ಕತ್ತರಿಸಿ ಅದನ್ನೇ ಬೋರಲು ಇಟ್ಟರೆ ಮಳೆಮಾಪಕ. ಬಾಟಲಿಯ ತಳ ಉಬ್ಬುತಗ್ಗು ಇರುವುದರಿಂದ ಕಲ್ಲುಹರಳು ಹಾಕಿ, ನೇರ ಗೋಡೆ ಶುರುವಾಗುವ ತನಕ ನೀರು ತುಂಬಿಸಿ, ಅಲ್ಲಿ ಸೊನ್ನೆ ಗೆರೆ ಎಳೆಯಿರಿ. ನಮ್ಮಲ್ಲಿ ಒಂದೇ ದಿನ 100 ಮಿ.ಮೀ. ದಾಟುವುದು ಹೊಸದೇನಲ್ಲ, ಹಾಗಾಗಿ ಸೊನ್ನೆಯಿಂದ ಮೇಲೆ 20 ಸೆಂ.ಮೀ. ಆದರೂ ಬೇಕು. ಬಾಯಿಯ ತ್ರಿಜ್ಯ 4 ಸೆಂ.ಮೀ. ಆದರೆ ವಿಸ್ತೀರ್ಣ ಸುಮಾರು 50 ಚದರ ಸೆಂ.ಮೀ., ಅಂದರೆ 1 ಮಿ.ಮೀ. ಮಳೆಗೆ 5 ಮಿ.ಲೀ. ನೀರು. ‘ದೊಡ್ಡ ಬಾಟಲಿಯಲ್ಲಿ ಹೆಚ್ಚು ಮಳೆ ಬೀಳುತ್ತದಾ?’ ಎಂದು ಕೇಳಿ ಎರಡು ಗಾತ್ರದ ಬಾಟಲಿ ಅಕ್ಕಪಕ್ಕ ಇಡಿಸಿ. ಈ ಜಗಳ ಒಂದು ವಾರ ನಡೆಯಲಿ. ಹವಾಮಾನ ಇಲಾಖೆಯ ಲೆಕ್ಕ ಬೆಳಿಗ್ಗೆ 8.30ರಿಂದ ಮರುದಿನ 8.30ರ ತನಕ. ಮಕ್ಕಳು 10 ಗಂಟೆಗೆ ಓದಿದರೆ ಪತ್ರಿಕೆಯ ಅಂಕಿಗೆ ತಾಳೆಯಾಗದು. ಯಾಕೆಂದು ಅವರೇ ಹುಡುಕಲಿ.


ತಂತಿಬೇರು:

ವಿದ್ಯುತ್ತಿನ ಭಾಗ ನಾನು ಹೇಳುತ್ತೇನೆ. ಮೊದಲು ಎಚ್ಚರಿಕೆ. ಸಿಆರ್ 2032 ನಾಣ್ಯ ಬ್ಯಾಟರಿಯನ್ನು ಮಗು ನುಂಗಿದರೆ ಅನ್ನನಾಳ ಎರಡು ಗಂಟೆಯೊಳಗೆ ಸುಡಬಹುದು. ಎಣಿಸಿ ಕೊಡಿ, ಎಣಿಸಿ ವಾಪಸ್ ತೆಗೆದುಕೊಳ್ಳಿ, ಲೆಕ್ಕ ಸಿಗುವ ತನಕ ಯಾರನ್ನೂ ಹೊರಗೆ ಬಿಡಬೇಡಿ. ತಮ್ಮ ತಂಗಿಯರಿರುವ ಮನೆಗೆ ಕೊಟ್ಟು ಕಳಿಸಲೇಬೇಡಿ.

ಕಾಗದದ ಮೇಲಿನ ಸರ್ಕೀಟು: ದಪ್ಪ ಕಾಗದ, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್‌ನ 1 ಸೆಂ.ಮೀ. ಪಟ್ಟಿ, 5 ಮಿ.ಮೀ. ಕೆಂಪು ಎಲ್‌ಇಡಿ, ಒಂದು ನಾಣ್ಯ ಬ್ಯಾಟರಿ, ಕಾಗದದ ಕ್ಲಿಪ್. ಎಲ್‌ಇಡಿಯ ಉದ್ದ ಕಾಲು ಪ್ಲಸ್‌ಗೆ. ಹತ್ತದಿದ್ದರೆ ಮೊದಲು ಬ್ಯಾಟರಿ ತಿರುಗಿಸಿ ನೋಡಿ, ಆಮೇಲೆ ಕೂಡುಗಳನ್ನು ಬೆರಳಿನಿಂದ ಒತ್ತಿ ನೋಡಿ. ಫಾಯಿಲಿಗೆ ಬೆಸುಗೆ ಹಿಡಿಯುವುದಿಲ್ಲ, ಟೇಪಿನಿಂದಲೇ ಬಿಗಿ ಮಾಡಬೇಕು. ತಾಮ್ರದ ಟೇಪ್ ತಂದಿದ್ದರೆ ಇನ್ನೊಂದು ಮೋಸ ಉಂಟು: ಸಾಮಾನ್ಯ ಟೇಪಿನ ಅಂಟಿನಲ್ಲಿ ಕರೆಂಟು ಹರಿಯುವುದಿಲ್ಲ. ತುಂಡಿನ ಮೇಲೆ ತುಂಡು ಅಂಟಿಸಿದರೆ ಕಣ್ಣಿಗೆ ಸರಿ, ಸರ್ಕೀಟು ಮುರಿದೇ ಇರುತ್ತದೆ. ಮೂಲೆಯಲ್ಲಿ ಕತ್ತರಿಸದೆ ಮಡಚಿಕೊಂಡು ಹೋಗಿ.

ಮಕ್ಕಳು ಖಂಡಿತ ಬೀಳುವ ಹೊಂಡ: ಕೆಂಪು ಮತ್ತು ಬಿಳಿ ಎಲ್‌ಇಡಿಯನ್ನು ಸಮಾಂತರವಾಗಿ ಒಂದೇ ನಾಣ್ಯ ಬ್ಯಾಟರಿಗೆ ಹಾಕುವುದು. ಕೆಂಪು ಮಾತ್ರ ಹತ್ತುತ್ತದೆ. ಕೆಂಪಿಗೆ ಸುಮಾರು 2 ವೋಲ್ಟ್ ಸಾಕು, ಬಿಳಿ ಮತ್ತು ನೀಲಿಗೆ ಸುಮಾರು 3 ಬೇಕು. ನಾಣ್ಯ ಬ್ಯಾಟರಿಯ ಒಳರೋಧ ಜಾಸ್ತಿ, ಕೆಂಪು ಹತ್ತಿದ ಕೂಡಲೇ ವೋಲ್ಟೇಜನ್ನು ತನ್ನ ಮಟ್ಟಕ್ಕೆ ಎಳೆದುಬಿಡುತ್ತದೆ. ಬಿಳಿ ಕೆಟ್ಟಿದೆ ಎಂದು ಮಕ್ಕಳು ಬಿಸಾಡುತ್ತಾರೆ, ಕೆಂಪನ್ನು ಕಿತ್ತು ತೋರಿಸಿ. ಬಣ್ಣ ಬೇರೆ ಬೇಕಾದರೆ ಬ್ಯಾಟರಿಯೂ ಬೇರೆ.

ಅದೇ ಒಳರೋಧದಿಂದಾಗಿ ನಾಣ್ಯ ಬ್ಯಾಟರಿ ಆಟಿಕೆಯ ಮೋಟಾರ್ ತಿರುಗಿಸುವುದಿಲ್ಲ. ಮೋಟಾರಿಗೆ ಎರಡು ಪೆನ್‌ಸೆಲ್ ಹಾಕಿ. ಗೀಚುವ ಯಂತ್ರ ಒಳ್ಳೆಯ ಆರಂಭ: ಕಾಗದದ ಲೋಟ ಬೋರಲು, ಕಾಲಿಗೆ ಮೂರು ಸ್ಕೆಚ್ ಪೆನ್, ಮೇಲೆ ಮೋಟಾರ್, ಅದರ ಕಡ್ಡಿಗೆ ರಬ್ಬರಿನ ತುಂಡು ಚುಚ್ಚಿ. ರಬ್ಬರನ್ನು ಸರಿಯಾಗಿ ಮಧ್ಯಕ್ಕೆ ಚುಚ್ಚಿದರೆ ಲೋಟ ಅಲುಗುವುದೇ ಇಲ್ಲ, ಒಂದು ಬದಿಗೆ ಚುಚ್ಚಬೇಕು. ತೀರಾ ದೊಡ್ಡ ತುಂಡಾದರೆ ಲೋಟ ಮಗುಚುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಗೀಚಿದ್ದನ್ನು ಕಾಗದಸಮೇತ ಇಟ್ಟುಕೊಳ್ಳಲಿ, ಅದೇ ದಾಖಲೆ.

ಆರ್ಡುಯಿನೋ ಸದ್ಯಕ್ಕೆ ಬೇಡ. ನಿಮ್ಮ ಬಳಿ ಹಳೆಯ ಯುಎಸ್‌ಬಿ ಮೌಸ್ ಇದ್ದರೆ ಸಾಕು. ಬಿಚ್ಚಿ, ಎಡ ಬಟನ್ನಿನ ಸ್ವಿಚ್ಚಿನಲ್ಲಿ ಒತ್ತಿದಾಗ ಮಾತ್ರ ಮಲ್ಟಿಮೀಟರ್ ಬೀಪ್ ಮಾಡುವ ಎರಡು ಕಾಲು ಹುಡುಕಿ, 25 ವ್ಯಾಟ್ ಸೋಲ್ಡರಿಂಗ್ ಐರನ್ನಿನಿಂದ ಅವಕ್ಕೆ ಒಂದೊಂದು ತಂತಿ ಬೆಸೆಯಿರಿ (ಇದು ಮಾತ್ರ ನಿಮ್ಮ ಕೆಲಸ). ಆ ಎರಡು ತಂತಿ ಮುಟ್ಟಿದರೆ ಕ್ಲಿಕ್. ಇನ್ನು ಸ್ವಿಚ್ ಯಾವುದು ಎಂಬುದು ಮಕ್ಕಳಿಗೆ ಬಿಟ್ಟದ್ದು: ಬಾಗಿಲು, ಗೋಲಿ ಉರುಳುವ ದಾರಿ, ಚೆಂಡೆ. ಇದೇ ರೀತಿ ಮುಟ್ಟುವುದನ್ನು ಕ್ಲಿಕ್ ಆಗಿ ಕಂಪ್ಯೂಟರಿಗೆ ಕಳಿಸುವ, 2012ರಲ್ಲಿ ಬಂದ ಮೇಕಿ ಮೇಕಿ ಹಲಗೆಯಲ್ಲಿ ಬಾಳೆಹಣ್ಣು ಮುಟ್ಟಿದರೂ ನಡೆಯುತ್ತದೆ, ಅಲ್ಲಿ 22 ಮೆಗಾಓಮ್ ರೋಧ ಇರುವುದರಿಂದ ಮೈಯಲ್ಲಿ ಹರಿಯುವ ಚೂರು ಕರೆಂಟೂ ಸಾಕಾಗುತ್ತದೆ. ಮೌಸಿನಲ್ಲಿ ಅಷ್ಟು ಸೂಕ್ಷ್ಮ ಇಲ್ಲ, ಲೋಹಕ್ಕೆ ಲೋಹ ಮುಟ್ಟಬೇಕು.


ಮೂರು ಕಾಲಂ:

ಉತ್ಸಾಹಕ್ಕೆ ನೀರೆರಚುತ್ತಿಲ್ಲ, ಆದರೆ ಎಚ್.ಎಂ. ಪ್ರಶ್ನೆ ಸರಿಯಾದದ್ದೇ. 1984ರಲ್ಲಿ ಸಂಶೋಧಕರಾದ ರಾಯ್ ಪೀ ಮತ್ತು ಮಿಡಿಯನ್ ಕರ್ಲೆಂಡ್ ಲೋಗೋ ಕಲಿತ ಮಕ್ಕಳನ್ನು ಪರೀಕ್ಷಿಸಿದರು. ತರಗತಿಯ ಕೆಲಸಗಳನ್ನು ಯೋಜಿಸುವುದರಲ್ಲಿ ಅವರು ಉಳಿದವರಿಗಿಂತ ಮುಂದಿರಲಿಲ್ಲ. 2004ರಲ್ಲಿ ಮನೋವಿಜ್ಞಾನಿ ರಿಚರ್ಡ್ ಮೇಯರ್ ದಶಕಗಳ ಅಧ್ಯಯನಗಳನ್ನು ನೋಡಿ, ಮಾರ್ಗದರ್ಶನವೇ ಇಲ್ಲದ ಶೋಧ ಕಲಿಕೆ ಮತ್ತೆ ಮತ್ತೆ ಸೋತಿದೆ ಎಂದರು. ‘ಮಕ್ಕಳನ್ನು ಬಿಟ್ಟುಬಿಡಿ, ತಾವೇ ಕಲಿಯುತ್ತಾರೆ’ ಎಂಬ ಮಾತು ಕೇಳಲು ಚಂದ, 34 ಮಕ್ಕಳ ಎದುರು ನಿಲ್ಲುವುದಿಲ್ಲ. ಆಮೆಯಾಟ ಆಡಿದ ಮಗು ಪರೀಕ್ಷೆಯ ಹೊರಕೋನದ ಲೆಕ್ಕಕ್ಕೆ ಅದನ್ನು ತಾನಾಗಿ ಜೋಡಿಸಿಕೊಳ್ಳುವುದಿಲ್ಲ. ಯಾರಾದರೂ ಅದೇ ವಾರ ಬೋರ್ಡಿನ ಮೇಲೆ ಜೋಡಿಸಿ ತೋರಿಸಬೇಕು.

ತೋರಿಸಲು ಎರಡು ವಸ್ತು ಇಟ್ಟುಕೊಳ್ಳಿ. ಒಂದು, ಪ್ರತಿ ಗುಂಪಿಗೆ ತಪ್ಪಿನ ಪುಸ್ತಕ, ಮೂರು ಕಾಲಂ: ‘ಏನಾಗುತ್ತದೆ ಎಂದುಕೊಂಡೆವು’, ‘ಏನಾಯಿತು’, ‘ಏನು ಬದಲಾಯಿಸಿದೆವು’. ಮೊದಲ ಕಾಲಂ ತುಂಬದೆ ಹಸಿರು ಬಾವುಟ ಒತ್ತುವ ಹಾಗಿಲ್ಲ. ಎರಡು, ತಿಂಗಳಿಗೊಮ್ಮೆ ಹತ್ತು ನಿಮಿಷದ ಕಾಗದದ ಪರೀಕ್ಷೆ: ‘ಮೂರು ಸಲ: ಮುಂದೆ 100, ಬಲಕ್ಕೆ 60’ ಎಂದು ಕೊಟ್ಟು, ಏನು ಬರುತ್ತದೆ ಎಂದು ಬರೆಯಿಸಿ. ಕಲಿತ ಮಗುವಿನದ್ದು ಮುಚ್ಚದ ಆಕೃತಿ, ಕಾಪಿ ಮಾಡಿದ ಮಗುವಿನದ್ದು ತ್ರಿಭುಜ. ಇದಕ್ಕಿಂತ ನೇರವಾದ ಪುರಾವೆ ಬೇಡ.


ಆಮೆನಡೆ:

ಪೀ ಅವರ ಅಧ್ಯಯನ ಗೊತ್ತಿರುವುದೇ. ಪೇಪರ್ಟ್ 1987ರಲ್ಲಿ ಅದಕ್ಕೆ ಉತ್ತರ ಕೊಟ್ಟರು. ಲೋಗೋದಿಂದ ಏನು ಪರಿಣಾಮ ಎಂದು ಕೇಳುವುದು, ಮರದಿಂದ ಒಳ್ಳೆಯ ಮನೆ ಆಗುತ್ತದಾ ಎಂದು ಕೇಳಿದ ಹಾಗೆ ಎಂಬುದು ಅವರ ವಾದದ ಸಾರ. ಉತ್ತರ ಚುರುಕಾದದ್ದು, ಆದರೆ ಎಚ್.ಎಂ. ಕೋಣೆಯಲ್ಲಿ ಅದು ನಡೆಯಲಿಕ್ಕಿಲ್ಲ. ಪುಸ್ತಕದ ಮೂರು ಕಾಲಂಗೆ ನನ್ನದೂ ಒಪ್ಪಿಗೆ. ಮೊದಲ ಎರಡು ವಾರ ಮಾತ್ರ ಅದನ್ನು ಬಾಯಿಮಾತಿನಲ್ಲೇ ಕೇಳಿ, ಬರೆಯುವ ಕೆಲಸ ಎಂದಾದರೆ ಅರ್ಧ ಮಕ್ಕಳ ಮುಖ ಬಾಡುತ್ತದೆ.

ಚೆಂಡೆ ಎಂದು ತಂತಿಬೇರು ಹೇಳಿದ್ದನ್ನು ಹಿಡಿದುಕೊಳ್ಳಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯ ಮಕ್ಕಳಿಗೆ ಏಳಕ್ಷರದ ತ್ರಿವುಡೆ ತಾಳ, ಆರಕ್ಷರದ ರೂಪಕ ತಾಳ ಕಿವಿಯಲ್ಲೇ ಉಂಟು. ‘ಮ್ಯೂಸಿಕ್’ ಎಕ್ಸ್‌ಟೆನ್ಶನ್ ಸೇರಿಸಿ, ಟೆಂಪೊ 120 (ನಿಮಿಷಕ್ಕೆ 120 ಬೀಟ್) ಇಟ್ಟು, ಅಕ್ಷರಕ್ಕೆ 0.5 ಬೀಟ್ ಎಂದರೆ ಕಾಲು ಸೆಕೆಂಡು. ‘ಪೆಟ್ಟು’ ಎಂಬ ಸ್ವಂತ ಬ್ಲಾಕ್ ಮಾಡಿ ಅದಕ್ಕೆ ಅಕ್ಷರದ ಸಂಖ್ಯೆ ಕೊಡುವ ಗೂಡು ಇಡಿ: ಮೊದಲ ಅಕ್ಷರಕ್ಕೆ ಗಟ್ಟಿ ಹೊಡೆತ, ಉಳಿದಕ್ಕೆ ಮೌನ. ಆಗ ತ್ರಿವುಡೆ ಎಂದರೆ ಪೆಟ್ಟು 3, ಪೆಟ್ಟು 2, ಪೆಟ್ಟು 2.

ಏಳು ಮತ್ತು ಆರು ಒಟ್ಟಿಗೆ ಓಡಿಸಿದರೆ ಎರಡರ ಎತ್ತುಗಡೆ (ತಾಳ ಶುರುವಾಗುವ ಅಕ್ಷರ) ಎಷ್ಟು ಅಕ್ಷರ ಕಳೆದ ಮೇಲೆ ಮತ್ತೆ ಕೂಡುತ್ತದೆ? 42. ಲ.ಸಾ.ಗು. (ಎಲ್‌ಸಿಎಂ) ಕಿವಿಗೆ ಕೇಳುವ ಪಾಠ ಇದು. ಆದರೆ ಎರಡು ಬೇರೆ ಬೇರೆ ಲೂಪ್ ಮಾಡಿದರೆ ಸ್ವಲ್ಪ ಹೊತ್ತಿನಲ್ಲಿ ತಾಳ ತಪ್ಪುತ್ತದೆ. ಸ್ಕ್ರ್ಯಾಚ್ ಸೆಕೆಂಡಿಗೆ 30 ಸಲ ಮಾತ್ರ ತಿರುಗಿ ನೋಡುವುದರಿಂದ ಪ್ರತಿ ಲೂಪಿನಲ್ಲೂ ಚೂರು ಚೂರು ತಡವಾಗುತ್ತದೆ, ತಡ ಕೂಡುತ್ತಾ ಹೋಗುತ್ತದೆ. ಒಂದೇ ಲೂಪ್ ಇಟ್ಟು, ‘ಎಣಿಕೆ’ ಎಂಬ ವೇರಿಯೇಬಲ್ ಒಂದೊಂದಾಗಿ ಏರಿಸಿ, 7ರಿಂದ ಭಾಗಿಸಿದ ಶೇಷ 0 ಆದರೆ ಒಂದು ಶಬ್ದ, 6ರಿಂದ ಭಾಗಿಸಿದ ಶೇಷ 0 ಆದರೆ ಇನ್ನೊಂದು.


ಎರಡನೇ ಪೀರಿಯಡ್:

ಎಲ್ಲರಿಗೂ ಧನ್ಯವಾದ. ಮೌಸ್ ತಂತ್ರ ಕೂಡಲೇ ನೋಡಿದೆ. ಎರಡು ರಟ್ಟಿಗೆ ಫಾಯಿಲ್ ಅಂಟಿಸಿ, ನಡುವೆ ಸ್ಪಂಜ್ ಇಟ್ಟು ಚೆಂಡೆ ಮಾಡಿಯಾಯಿತು. ಮೂರು ತೊಂದರೆ: ಒಂದು ಪೆಟ್ಟಿಗೆ ಎರಡು ಶಬ್ದ ಬರುತ್ತದೆ, ಕೆಲವು ಪೆಟ್ಟು ಕೇಳುವುದೇ ಇಲ್ಲ, ಕೇಳಿದ್ದೂ ಸ್ವಲ್ಪ ತಡ. ಶಬ್ದ ನಾವೇ ರೆಕಾರ್ಡ್ ಮಾಡಿದ್ದು.


ತಂತಿಬೇರು:

ಎರಡು ಶಬ್ದ: ಫಾಯಿಲ್ ತಾಗುವಾಗ ನಡುಗಿ ಬಿಟ್ಟು ಮತ್ತೆ ತಾಗುತ್ತದೆ. ‘ಮೌಸ್ ಒತ್ತಿದೆಯಾ’ ಎಂಬ ಷರತ್ತಿನೊಳಗೆ ಮೊದಲು ಶಬ್ದ, ಆಮೇಲೆ 0.1 ಸೆಕೆಂಡ್ ಕಾಯು, ಆಮೇಲೆ ‘ಮೌಸ್ ಬಿಡುವ ತನಕ ಕಾಯು’. ಕ್ರಮ ಇದೇ ಇರಲಿ, ಕೊನೆಯ ಎರಡನ್ನು ತಿರುಗಿಸಿದರೆ ನಡುಕ ಮತ್ತೆ ನುಸುಳುತ್ತದೆ.

ಕೇಳದ ಪೆಟ್ಟು: ಸಂಪರ್ಕ ಸೆಕೆಂಡಿನ ಮೂವತ್ತನೇ ಒಂದು ಭಾಗಕ್ಕಿಂತ ಕಡಿಮೆ ಉಳಿದರೆ ಸ್ಕ್ರ್ಯಾಚ್‌ಗೆ ಕಾಣದೆ ಹೋಗಬಹುದು. ಸ್ಪಂಜ್ ಗಡುಸಾಗಿದೆ. 15 ಸೆಂ.ಮೀ. ಚೌಕದ ರಟ್ಟಾದರೆ ಅಂಚಿಗೆ ಮಾತ್ರ 5 ಮಿ.ಮೀ. ಮೆತ್ತನೆಯ ಪಟ್ಟಿ ಇಡಿ, ನಡು ಖಾಲಿ ಇರಲಿ, ಕೋಲಿನ ತುದಿಗೆ ಬಟ್ಟೆ ಸುತ್ತಿ. ಮೌಸಿನ ಬಾಣ ವೇದಿಕೆಯ ಮೇಲೆಯೇ ಇರಬೇಕು, ಪೂರ್ಣ ಪರದೆ ಮಾಡಿಕೊಳ್ಳಿ.

ತಡ: ‘ಸೌಂಡ್ಸ್’ ಪುಟಕ್ಕೆ ಹೋಗಿ ಅಲೆಯ ಮೊದಲ ಭಾಗ ನೋಡಿ. ರೆಕಾರ್ಡ್ ಬಟನ್ ಒತ್ತಿದ್ದಕ್ಕೂ ಚೆಂಡೆ ಬಡಿದದ್ದಕ್ಕೂ ನಡುವಿನ ಮೌನ ಅಲ್ಲೇ ಕೂತಿರುತ್ತದೆ. ಆ ತುಂಡನ್ನು ಆರಿಸಿ ಅಳಿಸಿ. ‘ಮುಗಿಯುವ ತನಕ ನುಡಿಸು’ ಬ್ಲಾಕ್ ಬೇಡ, ‘ನುಡಿಸಲು ಶುರುಮಾಡು’ ಹಾಕಿ. ಮಳೆಗಾಲದಲ್ಲಿ ಫಾಯಿಲ್ ಬೇಗ ಮಂಕಾಗುತ್ತದೆ, ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಉಜ್ಜಿ. ಅದು ಮಕ್ಕಳ ಕೆಲಸ, ನಿಮ್ಮದಲ್ಲ.